ಡೆಸ್ಕ್‌ಟಾಪ್ ಕೊಳ್ಳುವ ಮುನ್ನ

ಡೆಸ್ಕ್‌ಟಾಪ್ ಈಗಲೇ ಕೊಳ್ಳಲೋ, ದೀಪಾವಳಿ ಆಫರ್ ಬರಲಿ ಎನ್ನಲೋ ಎಂದು ತೂಗುತ್ತಾ ಕೂತಿದ್ದೀರಾ? ಹೊಸ ಪ್ರೊಸೆಸರ್‌ಗಳು ಬರುವುದು ನಿಲ್ಲುವುದಿಲ್ಲ. ಅದಕ್ಕಾಗಿ ಕಾಯುವವರು ಕಾಯುತ್ತಲೇ ಇರುತ್ತಾರೆ. ಮೊದಲು ಮನೆಯಲ್ಲಿರುವ ಯಂತ್ರವನ್ನು ನೋಡಿ. ಬರೀ ನಿಧಾನವಾಗಿದ್ದು, ಒಳಗಿರುವುದು ಹಳೆಯ ಹಾರ್ಡ್ ಡಿಸ್ಕ್ ಆದರೆ ಒಂದು ಎಸ್‌ಎಸ್‌ಡಿ ಹಾಕಿಸಿ. ಪತ್ರ ವ್ಯವಹಾರಕ್ಕೆ, ಮಕ್ಕಳ ಪಾಠಕ್ಕೆ ಅಷ್ಟು ಧಾರಾಳವಾಗಿ ಸಾಕು.

ಅದಕ್ಕೆ ದುಡ್ಡು ಹಾಕುವ ಮೊದಲು ಇನ್ನೊಂದನ್ನು ಗಮನಿಸಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು; ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನದೋ ಆಮೇಲಿನದೋ ಪ್ರೊಸೆಸರ್ ಬೇಕು. ನಿಮ್ಮದು ಅದಕ್ಕೂ ಹಳೆಯದಾಗಿದ್ದು, ಬ್ಯಾಂಕ್ ಕೆಲಸವೆಲ್ಲ ಅದರಲ್ಲೇ ನಡೆಯುತ್ತಿದ್ದರೆ ಆಫರ್‌ಗೆಂದು ಕಾಯಬೇಡಿ. (ಲಿನಕ್ಸ್ ಒಗ್ಗಿದವರ ಮಾತು ಬೇರೆ.)

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿಕೊಳ್ಳುವವರಿಗೆ ಒಂದು ಮಾತು: ‘ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ಕೊಡ್ತೀನಿ’ ಎಂದರೆ ಮರುಳಾಗಬೇಡಿ. ಒಂದೊಂದು ಭಾಗದ ವಾರಂಟಿ ಒಂದೊಂದು ಥರ, ಬಿಲ್ ಇಲ್ಲದಿದ್ದರೆ ಕೇಳುವವರಿಲ್ಲ. ಪವರ್ ಸಪ್ಲೈನಲ್ಲಿ ಜುಗ್ಗತನವಂತೂ ಬೇಡವೇ ಬೇಡ. ಡೆಸ್ಕ್‌ಟಾಪ್‌ಗೆ ಬ್ಯಾಟರಿ ಇರುವುದಿಲ್ಲ. ಯುಪಿಎಸ್ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.