ಲಾಕ್‌ಡೌನ್ ಕಾಲದ ಗಾಳಿ ಮತ್ತು ಶ್ವಾಸಕೋಶ

ಪ್ರಶ್ನೆ: 2020ರ ಲಾಕ್‌ಡೌನ್‌ನಲ್ಲಿ ಗಾಳಿ ನಿಜಕ್ಕೂ ಶುದ್ಧವಾಗಿತ್ತೇ?

ಉತ್ತರ: ಶುದ್ಧವಾಗಿತ್ತು, ಆದರೆ ಎಲ್ಲ ಮಾಲಿನ್ಯಕಾರಕಗಳೂ ಒಂದೇ ಪ್ರಮಾಣದಲ್ಲಿ ಇಳಿಯಲಿಲ್ಲ. 2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಯಾದ ಮೇಲೆ ನಗರಗಳಲ್ಲಿ ಎದ್ದು ಕಾಣುವಂತೆ ತಗ್ಗಿದ್ದು ನೈಟ್ರೋಜನ್ ಡೈಆಕ್ಸೈಡ್. ಇದರಲ್ಲಿ ದೊಡ್ಡ ಪಾಲು ವಾಹನಗಳ ಹೊಗೆಯದು. ಗಾಳಿಯಲ್ಲಿ ಇದು ಹೆಚ್ಚು ಹೊತ್ತು ಉಳಿಯುವುದಿಲ್ಲ, ಹೀಗಾಗಿ ವಾಹನ ಸಂಚಾರ ನಿಂತ ಕೆಲವೇ ದಿನಗಳಲ್ಲಿ ವ್ಯತ್ಯಾಸ ಗೊತ್ತಾಯಿತು. ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಉಪಗ್ರಹ ಮಾಹಿತಿಯಂತೆ ದೆಹಲಿ, ಮುಂಬೈಗಳಲ್ಲಿ ಹಿಂದಿನ ವರ್ಷದ ಇದೇ ಅವಧಿಗಿಂತ ಇದು ಶೇ 40ರಿಂದ 50ರಷ್ಟು ಕಡಿಮೆಯಾಗಿತ್ತು. ಬೆಂಗಳೂರಿನಲ್ಲೂ ಇಳಿಕೆ ಸ್ಪಷ್ಟವಾಗಿತ್ತು.

ಆರೋಗ್ಯಕ್ಕೆ ಇದಕ್ಕಿಂತ ಮುಖ್ಯವಾದದ್ದು ಪಿಎಂ 2.5, ಅಂದರೆ 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಚಿಕ್ಕ ಕಣಗಳು. ಇವು ಮೂಗಿನಲ್ಲಿ ತಡೆಯಾಗದೆ ಶ್ವಾಸಕೋಶದ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಅತಿ ಸೂಕ್ಷ್ಮವಾದವು ರಕ್ತಕ್ಕೂ ಸೇರುತ್ತವೆ. ಹೃದಯಾಘಾತ, ಪಾರ್ಶ್ವವಾಯುಗಳಿಗೆ ಇವುಗಳ ನಂಟಿರುವುದು ಇದೇ ಕಾರಣಕ್ಕೆ. ಲಾಕ್‌ಡೌನ್‌ನಲ್ಲಿ ಈ ಕಣಗಳೂ ಕಡಿಮೆಯಾದವು. ಏಪ್ರಿಲ್ ಮೊದಲ ವಾರ ಪಂಜಾಬಿನ ಜಲಂಧರ್‌ನಿಂದ ಧೌಲಾಧಾರ್ ಪರ್ವತಶ್ರೇಣಿ ಕಂಡದ್ದು ಅದರ ಫಲ. ಈ ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ನಿಗದಿಪಡಿಸಿದ ದಿನದ ಮಿತಿ ಘನಮೀಟರಿಗೆ 15 ಮೈಕ್ರೋಗ್ರಾಂ. ಭಾರತದ ಮಾನದಂಡ 60. ದೆಹಲಿಯ ಗಾಳಿ ಆ ದಿನಗಳಲ್ಲಿ ಭಾರತದ ಮಿತಿಯೊಳಗೆ ಬಂದರೂ ವಿಶ್ವ ಆರೋಗ್ಯ ಸಂಸ್ಥೆಯ ಮಟ್ಟವನ್ನು ಬಹುಮಟ್ಟಿಗೆ ಮುಟ್ಟಲಿಲ್ಲ. ಇಳಿಕೆಯಲ್ಲಿ ಒಂದು ಪಾಲು ಮಳೆ, ಗಾಳಿಗಳಿಗೂ ಸಲ್ಲಬೇಕು.

ಪ್ರಶ್ನೆ: ರಸ್ತೆಗಳೆಲ್ಲ ಖಾಲಿಯಿದ್ದರೂ ಕೆಲವರಿಗೆ ಕೆಮ್ಮು, ಗಂಟಲು ಕೆರೆತ ಹೋಗಲಿಲ್ಲವೇಕೆ?

ಉತ್ತರ: ಇದಕ್ಕೆ ಎರಡು ಮುಖ್ಯ ಕಾರಣಗಳಿರಬಹುದು. ಮೊದಲನೆಯದು ಓಝೋನ್. ಇದು ಯಾವ ಕೊಳವೆಯಿಂದಲೂ ನೇರವಾಗಿ ಹೊರಬರುವ ಅನಿಲವಲ್ಲ; ಬಿಸಿಲಿನಲ್ಲಿ ಇತರ ಮಾಲಿನ್ಯಕಾರಕಗಳು ಸೇರಿ ನೆಲಮಟ್ಟದಲ್ಲಿ ಹುಟ್ಟುತ್ತದೆ. ವಾಹನಗಳು ಉಗುಳುವ ನೈಟ್ರಿಕ್ ಆಕ್ಸೈಡ್ ಓಝೋನನ್ನು ನಾಶಮಾಡುತ್ತದೆ. ವಾಹನಗಳು ನಿಂತಾಗ ಆ ನಾಶ ತಗ್ಗಿತು, ಜಗತ್ತಿನ ಅನೇಕ ನಗರಗಳಲ್ಲಿ ಓಝೋನ್ ಏರಿತು. ಶ್ವಾಸನಾಳದ ಒಳಪದರವನ್ನು ಕೆರಳಿಸಿ ಉಬ್ಬಸ ಹೆಚ್ಚಿಸುವ ಅನಿಲವಿದು.

ಎರಡನೆಯದು ಮನೆಯೊಳಗಿನ ಹೊಗೆ. ಸೌದೆ, ಬೆರಣಿಯ ಒಲೆಗಳಿಗೆ ಲಾಕ್‌ಡೌನ್ ಇರಲಿಲ್ಲ. ಎಲ್ಲರೂ ದಿನವಿಡೀ ಮನೆಯಲ್ಲೇ ಇದ್ದುದರಿಂದ ಆ ಹೊಗೆಯನ್ನು ಹೆಚ್ಚು ಹೊತ್ತು ಕುಡಿಯಬೇಕಾಯಿತು, ಅದರಲ್ಲೂ ಅಡುಗೆ ಮಾಡುವ ಹೆಂಗಸರು ಮತ್ತು ಅವರ ಮಗ್ಗುಲಲ್ಲೇ ಇರುವ ಎಳೆಯ ಮಕ್ಕಳು. ಹೊರಗಿನ ಮಾಪನ ಕೇಂದ್ರಗಳು ತೋರಿಸಿದ ಒಳ್ಳೆಯ ಅಂಕಿಗಳಲ್ಲಿ ಇವರ ಉಸಿರಿನ ಲೆಕ್ಕವಿಲ್ಲ ಎಂಬುದು ನೋವಿನ ಸಂಗತಿ.

ಪ್ರಶ್ನೆ: ಆಗ ಅಸ್ತಮಾ ರೋಗಿಗಳು ಆಸ್ಪತ್ರೆಗೆ ಬರುವುದು ಕಡಿಮೆಯಾಗಿದ್ದು ಶುದ್ಧ ಗಾಳಿಯಿಂದಲೇ?

ಉತ್ತರ: ಗಾಳಿಯೊಂದಕ್ಕೇ ಆ ಶ್ರೇಯ ಕೊಡಲಾಗದು. ಶಾಲೆಗಳು ಮುಚ್ಚಿ, ಮಾಸ್ಕ್ ಬಂದು ನೆಗಡಿಯ ವೈರಸ್‌ಗಳ ಹರಡುವಿಕೆಯೂ ಕುಗ್ಗಿತ್ತು; ಮಕ್ಕಳಲ್ಲಿ ಉಬ್ಬಸ ಕೆರಳಿಸುವುದರಲ್ಲಿ ಇವುಗಳ ಪಾತ್ರ ದೊಡ್ಡದು. ಸೋಂಕಿನ ಭಯದಿಂದ ಆಸ್ಪತ್ರೆಗೆ ಬಾರದೆ ಉಳಿದವರೂ ಇದ್ದರು. ಮೇಲಾಗಿ, ವರ್ಷಗಟ್ಟಲೆ ಕಲುಷಿತ ಗಾಳಿ ಉಸಿರಾಡಿದ ಶ್ವಾಸಕೋಶದಲ್ಲಿ ಆಗಿರುವ ಹಾನಿ ಎರಡು ತಿಂಗಳಲ್ಲಿ ಸರಿಹೋಗುವುದಿಲ್ಲ. ವಾಹನಗಳು ಮರಳಿದಂತೆ ಮಾಲಿನ್ಯವೂ ಮರಳಿತು. ಅದೇ ವರ್ಷದ ನವೆಂಬರ್‌ನಲ್ಲಿ, ಕೂಳೆ ಸುಡುವ ಹೊತ್ತಿಗೆ, ದೆಹಲಿಯ ಗಾಳಿ ಮತ್ತೆ ಅಪಾಯದ ಮಟ್ಟ ತಲುಪಿತು.

ಆಕಾಶ ತಿಳಿಯಾಗಿ ಕಂಡಿತೆಂದು ಅಸ್ತಮಾ ಅಥವಾ ಸಿಒಪಿಡಿ (ಉಸಿರಾಟಕ್ಕೆ ಅಡ್ಡಿಯಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರು ವೈದ್ಯರನ್ನು ಕೇಳದೆ ಇನ್‌ಹೇಲರ್ ನಿಲ್ಲಿಸಬಾರದು. ಸೌದೆ ಒಲೆ ಬಿಡಲಾಗದ ಮನೆಗಳಲ್ಲಿ ಹೊಗೆ ಹೊರಹೋಗಲು ಕಿಟಕಿ, ಹೊಗೆಗೂಡು ಇರಲಿ. ಅಡುಗೆಯ ಹೊತ್ತಿನಲ್ಲಿ ಮಕ್ಕಳನ್ನು ಒಲೆಯಿಂದ ದೂರ ಇಡಿ.