ಆನೆ ಮನೆಯ ಕಿರಿಮಗು



ಓದು ಕಲಿತ ಮೇಲೆ ಮನೆಯಲ್ಲಿ ಒಂದು ಹೊಸ ಕೆಲಸ ಹುಟ್ಟಿಕೊಳ್ಳುತ್ತೆ. ಮಗುವೋ ಮೊಮ್ಮಗುವೋ ಶಾಲೆಯಿಂದ ಚಿತ್ರದ ಪುಸ್ತಕ ತಂದು, "ಓದಿ ಹೇಳು" ಅಂತ ಪಕ್ಕದಲ್ಲಿ ಕೂರುತ್ತೆ. ನೀವು ಒಂದೊಂದೇ ಅಕ್ಷರ ಕೂಡಿಸಿ ಓದುತ್ತೀರಿ. ಮಗು ಕಾಯುತ್ತೆ. ಅವಸರ ಬೇಡ, ನಿಧಾನವಾಗಿಯೇ ಓದಿ.

ಆ ಪುಸ್ತಕಗಳಲ್ಲಿ ಪ್ರಾಣಿಗಳಿಗೂ ಸಂಸಾರ ಇರುತ್ತೆ. ಅಪ್ಪ ಕರಡಿ, ಅಮ್ಮ ಕರಡಿ, ದೊಡ್ಡ ಮಕ್ಕಳು, ಕೊನೆಗೆ ಒಂದು ಪುಟ್ಟ ಮರಿ. ಈ ಕಿರಿಮಗು ಹೆಚ್ಚಾಗಿ ಸಾಧು. ಜಗಳ ಮಾಡೋದಿಲ್ಲ. ನಡೆಯುವಾಗ ಹಿಂದೆ ಬೀಳುತ್ತೆ, ಎಲ್ಲರೂ ಅದಕ್ಕಾಗಿ ನಿಲ್ಲುತ್ತಾರೆ. ಕಥೆ ಕೇಳುವ ಮಕ್ಕಳಿಗೆ ಇಷ್ಟವಾಗೋದೂ ಅದೇ. "ಇದು ನಾನು" ಅಂತ ಬೆರಳಿಟ್ಟು ತೋರಿಸುತ್ತವೆ.

ಫ್ರಾನ್ಸ್ ದೇಶದಲ್ಲಿ ಒಬ್ಬ ತಾಯಿ ರಾತ್ರಿ ಮಲಗುವಾಗ ತನ್ನ ಗಂಡುಮಕ್ಕಳಿಗೆ ಆನೆಮರಿಯ ಕಥೆ ಹೇಳಿದಳು. ಮಕ್ಕಳು ಅದನ್ನು ಅಪ್ಪನಿಗೆ ಹೇಳಿದರು. ಅಪ್ಪ ಚಿತ್ರ ಬರೆಯುವವರು. 1931ರಲ್ಲಿ ಅದು ಪುಸ್ತಕವಾಯಿತು. ಆ ಆನೆಯ ಹೆಸರು ಬಾಬರ್. ಕಥೆ ಶುರುವಾದ ಸ್ವಲ್ಪಕ್ಕೇ ಬೇಟೆಗಾರ ಗುಂಡು ಹೊಡೆದು ಬಾಬರನ ತಾಯಿಯನ್ನು ಕೊಲ್ಲುತ್ತಾನೆ. ಮರಿ ಅಳುತ್ತಾ ಓಡುತ್ತೆ. ಆಮೇಲೆ ಅದು ಬೆಳೆದು ಆನೆಗಳ ರಾಜನಾಗುತ್ತೆ, ಮದುವೆಯಾಗುತ್ತೆ, ಮಕ್ಕಳಾಗುತ್ತವೆ. ತಂದೆ ತೀರಿಕೊಂಡ ಮೇಲೆ ಹಿರಿಯ ಮಗ ಪುಸ್ತಕಗಳನ್ನು ಮುಂದುವರಿಸಿದರು. 1987ರ ಪುಸ್ತಕದಲ್ಲಿ ಬಾಬರನ ಕಿರಿಮಗಳು ಇಸಬೆಲ್ ಬಂದಳು. ಆಕೆ ಮನೆಯವರನ್ನು ಬಿಟ್ಟು ಒಬ್ಬಳೇ ಸುತ್ತಾಡಲು ಹೊರಟುಬಿಡುತ್ತಾಳೆ!

ನಮ್ಮ ಅಂಚೆಟ್ಟಿ ಕಾಡಿನ ಕಿರಿಮರಿ ಹಾಗೆ ಹೊರಡೋದಿಲ್ಲ.

ನಮ್ಮ ಕಾಡು ನಿಮಗೆ ಗೊತ್ತಿರೋದೇ. ಅಂಚೆಟ್ಟಿ, ಉರಿಗಂ, ಜವಳಗಿರಿ ಕಾಡುಗಳು ಸೇರಿ 2022ರಲ್ಲಿ ಕಾವೇರಿ ದಕ್ಷಿಣ ವನ್ಯಜೀವಿ ಧಾಮ ಆಯಿತು. ರಾಗಿ ತೆನೆ ಬಲಿಯುವ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದಲೂ ಹಿಂಡುಗಳು ಈ ಕಡೆಗೆ ಇಳಿಯುತ್ತವೆ. ಆನೆ ಸಂಸಾರದ ಬಗ್ಗೆ ನಾನು ನಿಮಗೆ ಹೇಳೋದಕ್ಕಿಂತ, ರಾತ್ರಿಯೆಲ್ಲಾ ಅಟ್ಟಣೆ ಮೇಲೆ ಕೂತು ಹೊಲ ಕಾದವರು ನನಗೆ ಹೇಳಬೇಕು. ಆದರೂ ಕೆಲವು ಸಂಗತಿ ಬರೆಯುತ್ತೇನೆ, ಓದಿ ನೋಡಿ.

ಪುಸ್ತಕದ ಆನೆ ಮನೆಯಲ್ಲಿ ಅಪ್ಪ ಇರುತ್ತಾನೆ. ಕಾಡಿನ ಆನೆ ಮನೆಯಲ್ಲಿ ಅಪ್ಪ ಇರೋದಿಲ್ಲ. ಅದು ಹೆಂಗಸರ ಮನೆ. ಅಜ್ಜಿ, ಅಮ್ಮ, ದೊಡ್ಡಮ್ಮ, ಚಿಕ್ಕಮ್ಮ, ಅಕ್ಕಂದಿರು, ಮರಿಗಳು. ವಯಸ್ಸಾದ ಹೆಣ್ಣಾನೆಯೇ ಯಜಮಾನಿ. ನೀರು ಎಲ್ಲಿದೆ, ದಾರಿ ಯಾವುದು ಅಂತ ಅವಳಿಗೆ ನೆನಪು. ಗಂಡುಮರಿಗಳು ಪ್ರಾಯಕ್ಕೆ ಬಂದ ಮೇಲೆ ಹಿಂಡು ಬಿಟ್ಟು ಹೋಗುತ್ತವೆ.

ತಾಯಿ ಆನೆ ಸುಮಾರು 20ರಿಂದ 22 ತಿಂಗಳು ಬಸುರಿ. ಹುಟ್ಟುವಾಗ ಮರಿ ಸುಮಾರು 100 ಕಿಲೋ ತೂಗುತ್ತೆ. ಅಂದರೆ ಎರಡು ಮೂಟೆ ರಾಗಿ! ಇಷ್ಟು ದೊಡ್ಡ ಮಗು, ಆದರೂ ಏನೂ ತಿಳಿಯದು. ತನ್ನ ಸೊಂಡಿಲನ್ನು ಏನು ಮಾಡಬೇಕು ಅಂತಲೇ ಗೊತ್ತಿರೋದಿಲ್ಲ. ಒಮ್ಮೊಮ್ಮೆ ತಾನೇ ತುಳಿದುಕೊಳ್ಳುತ್ತೆ. ಹಾಲು ಕುಡಿಯೋದು ಸೊಂಡಿಲಿಂದಲ್ಲ, ಬಾಯಿಂದ. ನಡೆಯುವಾಗ ತಾಯಿಯ ಹೊಟ್ಟೆ ಕೆಳಗೇ ನಡೆಯುತ್ತೆ. ಅದು ಕಿರುಚಿದರೆ ತಾಯಿ ಒಬ್ಬಳೇ ಅಲ್ಲ, ಚಿಕ್ಕಮ್ಮಂದಿರೂ ಓಡಿ ಬರುತ್ತಾರೆ.

ಇಲ್ಲೇ ನಮಗೆ ಅಪಾಯ. ಮರಿ ಸಾಧು ನಿಜ, ಮರಿ ಇರುವ ಹಿಂಡು ಸಾಧು ಅಲ್ಲ. ಒಂಟಿ ಸಲಗವನ್ನು ಕಂಡರೆ ಎಲ್ಲರೂ ಹೆದರುತ್ತಾರೆ. ಮರಿಯನ್ನು ಕಂಡರೆ "ಅಯ್ಯೋ ಪಾಪ" ಅಂತ ಹತ್ತಿರ ಹೋಗುತ್ತಾರೆ, ಫೋನಿನಲ್ಲಿ ಫೋಟೋ ತೆಗೆಯುತ್ತಾರೆ. ನನಗೆ ಹೆಚ್ಚು ಭಯ ಈ ಪಾಪ ಅನ್ನುವವರದ್ದೇ.

ತಾಯಿ ಇಲ್ಲದ ಮರಿಯ ಗತಿ ಏನು? 2017ರಲ್ಲಿ ನಮ್ಮ ಹೊಸೂರು ಅರಣ್ಯ ವಿಭಾಗದಲ್ಲಿ ಒಂದು ಗಂಡುಮರಿ ಒಂಟಿಯಾಗಿ ಸಿಕ್ಕಿತು. ಕರೆಂಟು ತಗುಲಿ ತಾಯಿ ಸತ್ತಿತ್ತು. ಮರಿಗೆ ನಾಯಿಗಳು ಕಚ್ಚಿ ಗಾಯವಾಗಿತ್ತು. ಅದನ್ನು ಮುದುಮಲೈನ ತೆಪ್ಪಕಾಡು ಆನೆ ಶಿಬಿರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಕಾಟುನಾಯಕ ಬುಡಕಟ್ಟಿನ ಬೊಮ್ಮನ್ ಮತ್ತು ಬೆಳ್ಳಿ ಅದನ್ನು ಮಗುವಿನ ಹಾಗೆ ಸಾಕಿದರು. ಹೆಸರು ರಘು. ಆಮೇಲೆ ಅಮ್ಮು ಅನ್ನುವ ಇನ್ನೂ ಚಿಕ್ಕ ಹೆಣ್ಣುಮರಿ ಬಂತು. ರಘು ಅಣ್ಣನಾದ, ಅಮ್ಮು ಆ ಮನೆಯ ಕಿರಿಮಗಳಾದಳು. ಇವರ ಮೇಲೆ ಕಾರ್ತಿಕಿ ಗೊನ್ಸಾಲ್ವಿಸ್ ಮಾಡಿದ ಚಿಕ್ಕ ಸಿನಿಮಾಕ್ಕೆ 2023ರ ಮಾರ್ಚಿನಲ್ಲಿ ಆಸ್ಕರ್ ಬಹುಮಾನ ಬಂತು. ನಮ್ಮ ಕಡೆಯ ಕಾಡಿನಲ್ಲಿ ತಬ್ಬಲಿಯಾದ ಮರಿಯನ್ನು ಲೋಕವೆಲ್ಲಾ ನೋಡಿತು.

ಆದರೆ ಅದೇ ತಿಂಗಳು ಪಕ್ಕದ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿ ಹತ್ತಿರ ಹೊಲದ ಕರೆಂಟು ಬೇಲಿ ತಗುಲಿ ಮೂರು ಆನೆಗಳು ಸತ್ತವು. ಜೊತೆಗಿದ್ದ ಎರಡು ಮರಿಗಳು ಬದುಕಿ ಉಳಿದವು. ಅದೇ ಜಿಲ್ಲೆಯಲ್ಲಿ ಬಾವಿಗೆ ಬಿದ್ದ ಇನ್ನೊಂದು ಮರಿಯನ್ನು ಮೇಲೆತ್ತಿ ತೆಪ್ಪಕಾಡಿಗೆ ಕಳಿಸಿದರು. ಬೊಮ್ಮನ್ನೇ ನೋಡಿಕೊಂಡರು. ಆದರೂ ತಿಂಗಳು ಮುಗಿಯುವಷ್ಟರಲ್ಲಿ ಅದು ಸತ್ತಿತು. ಅಷ್ಟು ತಿಳಿದವರ ಕೈಯಲ್ಲೂ ತಾಯಿಯಿಲ್ಲದ ಮರಿ ಉಳಿಯೋದು ಕಷ್ಟ.

ಬೆಳೆ ಹೋದರೆ ಹೊಟ್ಟೆ ಉರಿಯುತ್ತೆ, ನನಗೆ ಗೊತ್ತು. ಒಂದು ರಾತ್ರಿಯಲ್ಲಿ ಆರು ತಿಂಗಳ ಅನ್ನ ಹೋಗುತ್ತೆ. ಹಾಗಂತ ಬೇಲಿಗೆ ಲೈನಿನಿಂದ ಕರೆಂಟು ಕೊಡಬೇಡಿ. ಅದು ಅಪರಾಧ, ಜೈಲು ಆಗುತ್ತೆ. ಕತ್ತಲಲ್ಲಿ ಅದೇ ತಂತಿಗೆ ನಿಮ್ಮ ಮನೆಯ ಮಗುವೂ ತಗುಲಬಹುದು. ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಪರಿಹಾರಕ್ಕೆ ಅರ್ಜಿ ಕೊಡಿ. ಈಗ ಅರ್ಜಿ ನೀವೇ ಓದಬಲ್ಲಿರಿ, ಸಹಿ ಹಾಕಬಲ್ಲಿರಿ.

ಒಂಟಿ ಮರಿ ಕಂಡರೆ ಹತ್ತಿರ ಹೋಗಬೇಡಿ. ತಾಯಿ ಪಕ್ಕದ ಪೊದೆಯಲ್ಲೇ ಇರಬಹುದು. ಜನ ಸುತ್ತ ನಿಂತರೆ ಅದು ಮರಿಯ ಹತ್ತಿರ ಬರೋದಿಲ್ಲ, ಬಂದರೆ ಜನರ ಮೇಲೇ ಬರುತ್ತೆ. ಹಸುವಿನ ಹಾಲು ಕುಡಿಸಬೇಡಿ, ಭೇದಿ ಹಿಡಿಯುತ್ತೆ. ನಾಯಿಗಳನ್ನು ಕಟ್ಟಿಹಾಕಿ. ಮಕ್ಕಳನ್ನು ಒಳಗೆ ಕರೆಯಿರಿ. ಫಾರೆಸ್ಟ್ ಆಫೀಸಿಗೆ ಫೋನ್ ಮಾಡಿ.

ಮಾತಾಡಿ, ಬರೆಯಿರಿ

1. ಆನೆ ಹಿಂಡಿನ ಯಜಮಾನಿ ಯಾರು? ನಿಮ್ಮ ಮನೆಯಲ್ಲಿ ಯಾರು?

2. ಈ ಪದಗಳನ್ನು ಜೋರಾಗಿ ಓದಿ: ಸೊಂಡಿಲು, ಹಿಂಡು, ಅಟ್ಟಣೆ, ತಬ್ಬಲಿ, ಪರಿಹಾರ.

3. ನಿಮ್ಮ ಊರಿಗೆ ಆನೆ ಬಂದ ಒಂದು ರಾತ್ರಿಯ ಬಗ್ಗೆ ಮೂರು ಸಾಲು ಬರೆದು, ಮನೆಯ ಮಗುವಿಗೆ ಓದಿ ಹೇಳಿ.

4. ಹತ್ತಿರದ ಫಾರೆಸ್ಟ್ ಆಫೀಸಿನ ನಂಬರು ಕೇಳಿ ಇಲ್ಲಿ ಬರೆಯಿರಿ. ಇದನ್ನೇ ದೊಡ್ಡದಾಗಿ ಮನೆ ಬಾಗಿಲ ಹಿಂದೆಯೂ ಬರೆಯಿರಿ: ____________