ಮಗಳ ಓದಿನ ವಿವರ ಬರೆದಿಡುವ ಬಗೆ



ಸಂಘ ಶುರುವಾದ ಹೊಸತರಲ್ಲಿ ನಾವು ಸಾಲ ಕೊಡುತ್ತಿದ್ದುದು ಬಿತ್ತನೆ ಬೀಜಕ್ಕೆ, ಕುರಿಗೆ, ಆಸ್ಪತ್ರೆ ಖರ್ಚಿಗೆ. ಈಗ ನಿರ್ಣಯ ಪುಸ್ತಕ ತೆರೆದರೆ ‘ಮಗಳ ಎಂ.ಎ. ಫೀಸಿಗೆ’, ‘ಬಿ.ಇಡಿ. ಸೀಟಿಗೆ’ ಎಂದು ಬರೆದದ್ದೂ ಸಿಗುತ್ತದೆ. ಸೂರಗೊಂಡನಕೊಪ್ಪದ ಕಡೆಯ ಹುಡುಗಿಯರು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೂ ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯಕ್ಕೂ ಓದಲು ಹೋಗುತ್ತಾರೆ. ಓದು ಮುಗಿದ ಮೇಲೆ ಕಾಲೇಜಿನಲ್ಲಿ ಪಾಠ ಮಾಡುವ ಕೆಲಸಕ್ಕೋ ಪಿಎಚ್.ಡಿ.ಗೋ ಅರ್ಜಿ ಹಾಕುವಾಗ ಒಂದು ಕಾಗದ ಕೇಳುತ್ತಾರೆ. ಅದಕ್ಕೆ ಸಿ.ವಿ. ಅನ್ನುತ್ತಾರೆ, ಕನ್ನಡದಲ್ಲಿ ಶೈಕ್ಷಣಿಕ ಸ್ವವಿವರ. ಈ ಸಲದ ಪಾಠ ಅದರ ಬಗ್ಗೆ.

ನಮ್ಮ ಕಣ್ಣೆದುರಿಗೆ ನಡೆದದ್ದನ್ನೇ ಹೇಳುತ್ತೇವೆ. ಸದಸ್ಯೆಯೊಬ್ಬರ ಮಗಳು ಕನ್ನಡ ಎಂ.ಎ. ಮಾಡಿದ್ದಳು. ಅತಿಥಿ ಉಪನ್ಯಾಸಕರ ಕೆಲಸಕ್ಕೆ ಅರ್ಜಿ ಕರೆದಿದ್ದಾರೆಂದು ಅವಳಿಗೆ ಗೊತ್ತಾದಾಗ ಉಳಿದಿದ್ದು ಒಂದೇ ದಿನ. ಹಿಂದೊಮ್ಮೆ ಪೇಟೆಯ ಟೈಪಿಂಗ್ ಅಂಗಡಿಯಲ್ಲಿ ಮಾಡಿಸಿದ್ದ ಸ್ವವಿವರ ಪೆನ್‌ಡ್ರೈವಿನಲ್ಲಿತ್ತು. ತೆರೆದು ನೋಡಿದರೆ ಕನ್ನಡದ ಬದಲು ಬರೀ ಇಂಗ್ಲಿಷ್ ಅಕ್ಷರ, ಏನೇನೋ ಗುರುತು. ಹೊಸದಾಗಿ ಬರೆಯೋಣವೆಂದರೆ ಪದವಿಯ ಶೇಕಡಾವಾರು ನೆನಪಿಲ್ಲ, ಪ್ರಬಂಧ ಓದಿದ ತಾರೀಖು ಗೊತ್ತಿಲ್ಲ. ಅಂಕಪಟ್ಟಿ ಅವ್ವನ ಟ್ರಂಕಿನಲ್ಲಿ, ಟ್ರಂಕಿನ ಕೀಲಿ ಅವ್ವನ ಸೊಂಟದಲ್ಲಿ, ಅವ್ವ ಅಡಿಕೆ ಸುಲಿಯೋಕೆ ಹೋಗಿದ್ದಾಳೆ! ದಿನ ಕಳೆದುಹೋಯಿತು. ಆ ಹುಡುಗಿಯ ಓದಿನಲ್ಲಿ ಏನೂ ಕೊರತೆ ಇರಲಿಲ್ಲ. ಆದರೂ ಆ ವರ್ಷ ಮನೆಯಲ್ಲೇ ಉಳಿದಳು.

ಅಕ್ಷರ ಕೆಟ್ಟದ್ದು ಯಾಕೆ ಅಂದರೆ, ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಯೂನಿಕೋಡ್ ಎಂಬ ಏರ್ಪಾಡಿನಲ್ಲಿ ಹಾಗಲ್ಲ. ನಮ್ಮ ‘ಕ’ ಅಕ್ಷರಕ್ಕೆ ಜಗತ್ತಿನಲ್ಲಿ ಎಲ್ಲಿ ಹೋದರೂ ಒಂದೇ ನಂಬರು. ಈಗ ಮೊಬೈಲಿನಲ್ಲಿ ನಾವು ಒತ್ತುವ ಕನ್ನಡ ಯೂನಿಕೋಡೇ. ನುಡಿಯಲ್ಲೂ ಆ ಆಯ್ಕೆ ಬಂದಿದೆ. ಅಂಗಡಿಯಲ್ಲಿ ಮಾಡಿಸುವುದಾದರೆ ‘ಯೂನಿಕೋಡಿನಲ್ಲಿ ಮಾಡಿಕೊಡಿ’ ಎಂದು ನಾವೇ ಬಾಯಿಬಿಟ್ಟು ಕೇಳಬೇಕು.

ಇನ್ನು, ಸ್ವವಿವರವನ್ನು ಬಣ್ಣ, ಚೌಕಟ್ಟು, ಹೂಬಳ್ಳಿ ಹಾಕಿ ಮಾಡಿಸುವ ಆಸೆ ಹುಡುಗಿಯರಿಗೆ ಇರುತ್ತದೆ. ಮದುವೆಯ ಬಯೋಡೇಟಾ ಹಾಗೇ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಓದಿನ ವಿವರದ ಮೂಲಪ್ರತಿಯನ್ನು ಬರೀ ಅಕ್ಷರದ ಕಡತವಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಇದಕ್ಕೆ ಪ್ಲೇನ್ ಟೆಕ್ಸ್ಟ್ ಅನ್ನುತ್ತಾರೆ. ಕಂಪ್ಯೂಟರಿನ ನೋಟ್‌ಪ್ಯಾಡಿನಲ್ಲಿ ಬರೆದು ಉಳಿಸುವಾಗ ‘ಯುಟಿಎಫ್–8’ ಎಂಬುದನ್ನು ಆರಿಸಿದರೆ ಕನ್ನಡ ಕೆಡುವುದಿಲ್ಲ. ಈ ಕಡತ ಯಾವ ಮೊಬೈಲಿನಲ್ಲೂ ತೆರೆಯುತ್ತದೆ, ಕಳಿಸಲು ಹಗುರ. ಆನ್‌ಲೈನ್ ಅರ್ಜಿಯ ಖಾನೆಗಳಿಗೆ ಅದರಿಂದಲೇ ನಕಲು ಮಾಡಿ ಅಂಟಿಸಬಹುದು.

ಬ್ಯಾಂಕಿನ ಚಲನ್ ನಮಗೆಲ್ಲ ಗೊತ್ತು. ಹೆಸರು, ಖಾತೆ ನಂಬರು, ಮೊತ್ತ ಎಂಬ ಅಚ್ಚಾದ ಮಾತು ಬದಲಾಗುವುದಿಲ್ಲ. ಮುಂದಿನ ಜಾಗ ಮಾತ್ರ ನಾವು ತುಂಬುತ್ತೇವೆ. ಸ್ವವಿವರಕ್ಕೂ ಅಂಥದೇ ಒಂದು ನಮೂನೆ ಇದ್ದರೆ ಪ್ರತಿ ಸಲ ಏನು ಬರೆಯಬೇಕೆಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಇದನ್ನು ನೋಡಿ ಬರೆದುಕೊಳ್ಳಿ:

ಹೆಸರು:
ವಿಳಾಸ / ಫೋನು / ಇ–ಮೇಲ್:
ಓದು (ಈಚಿನದು ಮೊದಲು): ಪದವಿ / ವಿಷಯ / ಕಾಲೇಜು, ವಿಶ್ವವಿದ್ಯಾಲಯ / ವರ್ಷ / ಶೇಕಡಾ:
ನೆಟ್, ಕೆ–ಸೆಟ್: ವಿಷಯ / ವರ್ಷ:
ಕಿರುಪ್ರಬಂಧ: ತಲೆಬರಹ / ಮಾರ್ಗದರ್ಶಕರು / ವರ್ಷ:
ಅಚ್ಚಾದ ಲೇಖನ: ತಲೆಬರಹ / ಪತ್ರಿಕೆ / ತಿಂಗಳು, ವರ್ಷ:
ವಿಚಾರ ಸಂಕಿರಣದಲ್ಲಿ ಓದಿದ ಪ್ರಬಂಧ: ತಲೆಬರಹ / ಊರು / ತಾರೀಖು:
ಪಾಠ ಮಾಡಿದ ಅನುಭವ: ಎಲ್ಲಿ / ವಿಷಯ / ಎಂದಿನಿಂದ ಎಂದಿನವರೆಗೆ:
ಬಲ್ಲ ಭಾಷೆ: ಮಾತು / ಓದು / ಬರಹ:
ಇತರ ಕೆಲಸ:
ನಮ್ಮ ಬಗ್ಗೆ ಹೇಳಬಲ್ಲ ಇಬ್ಬರು ಅಧ್ಯಾಪಕರು:

ಹೆಸರಿನ ಸಾಲು ಸುಲಭ ಅನ್ನಿಸುತ್ತದೆ, ಆದರೆ ತೊಡಕು ಇರುವುದೇ ಅಲ್ಲಿ. ಒಂದು ಕಾಗದದಲ್ಲಿ ‘ನಾಯ್ಕ’, ಇನ್ನೊಂದರಲ್ಲಿ ‘ನಾಯಕ’. ಒಂದರಲ್ಲಿ ‘ಬಾಯಿ’ ಸೇರಿದೆ, ಇನ್ನೊಂದರಲ್ಲಿ ಬಿಟ್ಟಿದೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಬರೆಯಬೇಕು, ಇಂಗ್ಲಿಷ್ ಅಕ್ಷರವೂ ಸೇರಿ. ಉಳಿದ ಕಾಗದದಲ್ಲಿ ತಪ್ಪಿದ್ದರೆ ಅರ್ಜಿ ಕರೆಯುವ ಮೊದಲೇ ತಿದ್ದಿಸಿಕೊಳ್ಳಿ.

ವಿಳಾಸದ್ದೂ ಹಾಗೇ. 1997ರವರೆಗೆ ಹೊನ್ನಾಳಿ ತಾಲ್ಲೂಕು ಶಿವಮೊಗ್ಗ ಜಿಲ್ಲೆಯಲ್ಲಿತ್ತು. ಆ ವರ್ಷ ದಾವಣಗೆರೆ ಜಿಲ್ಲೆಯಾದಾಗ ಇತ್ತ ಬಂತು. ಆಮೇಲೆ ನ್ಯಾಮತಿ ಬೇರೆ ತಾಲ್ಲೂಕಾಯಿತು. ಊರು ಕದಲಲಿಲ್ಲ, ವಿಳಾಸ ಮಾತ್ರ ಎರಡು ಸಲ ಬದಲಾಯಿತು. ಸ್ವವಿವರದಲ್ಲಿ ಈಗಿನದನ್ನು ಬರೆಯಿರಿ. ಹಳೆಯ ಪ್ರಮಾಣಪತ್ರದಲ್ಲಿ ಹೊನ್ನಾಳಿ ಅಂತಿದ್ದರೆ ಗಾಬರಿ ಬೇಡ, ಕೇಳಿದರೆ ಹೀಗೆಂದು ಹೇಳಿದರಾಯಿತು.

ಕೆ–ಸೆಟ್ ಪಾಸಾದವರು ಪರೀಕ್ಷೆ ನಡೆಸಿದವರ ಹೆಸರನ್ನೂ ಪ್ರಮಾಣಪತ್ರ ನೋಡಿಯೇ ಬರೆಯಬೇಕು. ಮೊದಲು ಮೈಸೂರು ವಿಶ್ವವಿದ್ಯಾಲಯ ನಡೆಸುತ್ತಿತ್ತು, 2023ರಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಇನ್ನೂ ಬರೆಯದವರಿಗೆ ಒಂದು ಮಾತು: ನೆಟ್ ಪರೀಕ್ಷೆಗೆ ಎಂ.ಎ.ಯಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡಾ 55 ಬೇಕು, ಪರಿಶಿಷ್ಟ ಜಾತಿಯವರಿಗೆ 50 ಸಾಕು. ನಮ್ಮ ರಾಜ್ಯದಲ್ಲಿ ಲಂಬಾಣಿಯವರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. 52 ಬಂದಿದೆ, ನನಗೆ ಆಗೋದಿಲ್ಲ ಅಂತ ಕೈಕಟ್ಟಿ ಕೂತವಳು ನಿಮ್ಮ ಮನೆಯಲ್ಲೂ ಇರಬಹುದು.

ಭಾಷೆಯ ಸಾಲಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಾವು ನೋಡಿದ ಸ್ವವಿವರಗಳಲ್ಲಿ ತಾಂಡಾದ ಹುಡುಗಿಯರು ‘ಕನ್ನಡ, ಇಂಗ್ಲಿಷ್, ಸ್ವಲ್ಪ ಹಿಂದಿ’ ಎಂದು ಬರೆಯುತ್ತಾರೆ. ಮನೆಯಲ್ಲಿ ಯಾಡಿಯ ಜೊತೆ ಆಡುವ ಗೋರ್ ಬೋಲಿಯನ್ನು ಬಿಡುತ್ತಾರೆ. ಕೇಳಿದರೆ, ‘ಅದನ್ನೂ ಬರೀಬೇಕಾ?’ ಅನ್ನುತ್ತಾರೆ. ಬರೀಬೇಕು. ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ ಊರು ಇದು. ಫೆಬ್ರವರಿಯ ಜಾತ್ರೆಗೆ ಹೊರರಾಜ್ಯಗಳಿಂದಲೂ ಜನ ಬರುತ್ತಾರೆ, ತಮ್ಮ ಮಾತಿನಲ್ಲೇ ಹಾಡುತ್ತಾರೆ. ಜಾನಪದ, ಭಾಷೆ, ಚರಿತ್ರೆ ಸಂಶೋಧಿಸುವವರಿಗೆ ಆ ಹಾಡನ್ನು ಇನ್ನೊಬ್ಬರು ಅರ್ಥ ಹೇಳದೆ ತಿಳಿಯಬಲ್ಲವರು ಬೇಕು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯ ಇದೆ. ‘ಲಂಬಾಣಿ: ಮನೆಮಾತು, ಕನ್ನಡ ಲಿಪಿಯಲ್ಲಿ ಬರೆಯಬಲ್ಲೆ’ ಎಂಬ ಒಂದು ಸಾಲು ಅಂಥ ಕಡೆ ಪಿಎಚ್.ಡಿ.ಗೆ ಹೋಗುವವಳಿಗೆ ದೊಡ್ಡ ಬಲ.

‘ಇತರ ಕೆಲಸ’ದಲ್ಲಿ ಸಂಘದ ಲೆಕ್ಕ ಬರೆದದ್ದು, ಮಕ್ಕಳಿಗೆ ಸಂಜೆಪಾಠ ಹೇಳಿದ್ದು ಬರಲಿ, ವರ್ಷ ಸಮೇತ. ಮಾಡದ್ದು ಒಂದಕ್ಷರವೂ ಬೇಡ. ಸಂದರ್ಶನದಲ್ಲಿ ಅದನ್ನೇ ಹಿಡಿದು ಕೇಳುತ್ತಾರೆ. ಆಧಾರ್ ನಂಬರು, ಬ್ಯಾಂಕ್ ಖಾತೆ ಇದರಲ್ಲಿ ಬರೆಯಬೇಡಿ. ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರು ಅರ್ಜಿಯಲ್ಲಿ ಕೇಳಿದಾಗ ಕೊಟ್ಟರೆ ಸಾಕು. ಅಧ್ಯಾಪಕರ ಹೆಸರು ಹಾಕುವ ಮೊದಲು ಅವರನ್ನು ಒಂದು ಮಾತು ಕೇಳಿ.

ತುಂಬಿದ ಮೂಲಪ್ರತಿಯನ್ನು ಯಾರಿಗೂ ಕಳಿಸಬಾರದು. ಅದರ ನಕಲು ತೆಗೆದು, ಆ ಅರ್ಜಿಗೆ ಬೇಡವಾದದ್ದನ್ನು ಬಿಟ್ಟು, ಅವರು ಕೇಳಿದ ಭಾಷೆಯಲ್ಲಿ ಮಾಡಿ ಪಿ.ಡಿ.ಎಫ್. ಆಗಿ ಕಳಿಸಬೇಕು. ಹೊಸ ಪರೀಕ್ಷೆ, ಹೊಸ ಪ್ರಬಂಧ ಆದ ದಿನವೇ ಮೂಲಪ್ರತಿಗೆ ಸೇರಿಸಬೇಕು. ನಗದು ಪುಸ್ತಕವನ್ನು ವಾರ ಬಿಟ್ಟು ಬರೆದರೆ ಏನಾಗುತ್ತದೆಂದು ನಮಗೆ ಹೇಳಿಕೊಡಬೇಕೆ? ಒಂದು ಪ್ರತಿಯನ್ನು ಮಗಳು ತನ್ನ ಇ–ಮೇಲಿಗೇ ಕಳಿಸಿಕೊಂಡಿರಲಿ. ಮೊಬೈಲು ಕೆಟ್ಟರೂ ಅಲ್ಲಿ ಸಿಗುತ್ತದೆ.

ಮುಂದಿನ ಸಭೆಗೆ:

ಓದುವ ಮಗಳಿರುವ ಸದಸ್ಯೆಯರು ಅವಳನ್ನೂ ಅಂಕಪಟ್ಟಿಗಳನ್ನೂ ಕರೆತನ್ನಿ. ಬರೆಯಲು ಬಾರದ ಅವ್ವಂದಿರು ಕಾಗದಗಳನ್ನು ವರ್ಷದ ಪ್ರಕಾರ ಜೋಡಿಸಿಕೊಡಿ. ಅರ್ಧ ಕೆಲಸ ಅದೇ. ಆಮೇಲೆ ಒಟ್ಟಿಗೆ ಕೂತು ಮಾತಾಡಿ:

ನಮ್ಮ ಸಂಘದ ಸಾಲದಿಂದ ಓದಿದ ಮಕ್ಕಳು ಎಷ್ಟು ಜನ? ಅವರಲ್ಲಿ ಎಷ್ಟು ಜನರ ಸ್ವವಿವರ ಇವತ್ತು ಕೇಳಿದರೆ ಇವತ್ತೇ ಸಿಗುತ್ತದೆ?

ಹೆಸರು ಬೇರೆ ಬೇರೆಯಾಗಿರುವ ಕಾಗದ ಯಾರದ್ದಿದೆ? ತಿದ್ದಿಸಲು ನಾಡಕಚೇರಿಗೋ ಶಾಲೆಗೋ ಅವಳ ಜೊತೆ ಯಾರು ಹೋಗುತ್ತೀರಿ?

ಟ್ರಂಕಿನ ಇನ್ನೊಂದು ಕೀಲಿ ಯಾರ ಹತ್ತಿರ ಇರಬೇಕು?